ಕೆಂಪು ರಸ್ತೆ ಮತ್ತು ಕುಂಟೆಬಿಲ್ಲೆ: ಮಂಡ್ಯ ಜಿಲ್ಲೆಯ ಒಂದು ಶಾಲೆ ತಿರುವಿನ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರು, ಇಲಾಖೆಯ ಹೆಸರು, ಕಂಟ್ರಾಕ್ಟರ್ ಹೆಸರು ಯಾವುದನ್ನೂ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಾನು ಈ ಕೆಲಸಕ್ಕೆ ನಕ್ಷೆ ಮಾಡಿಕೊಟ್ಟ ತಂಡದಲ್ಲಿದ್ದ ಎಂಜಿನಿಯರ್. ಮೊದಲ ಸಲ ನಾವು ಮಾಡಿದ್ದು ತಪ್ಪು. ಆ ತಪ್ಪಿನ ಕೆಳಗೆ ನನ್ನ ಸಹಿಯೂ ಇದೆ. ರಸ್ತೆಗೆ ಬಣ್ಣ ಹಾಕಿಸಬೇಕು ಅಂತ ಈಗ ಬೇರೆ ಊರಿನವರೂ ಕೇಳುತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಜಾಗ ಹೇಗಿತ್ತು

ವಿಶ್ವೇಶ್ವರಯ್ಯ ನಾಲೆಯ ಏರಿ ಇಳಿದು ಬಂದರೆ ಒಂದು ತಿರುವು. ತಿರುವು ಮುಗಿಯುವಲ್ಲೇ ಶಾಲೆಯ ಗೇಟು. ಎದುರಿಗೆ ಬಸ್ ಸ್ಟಾಪು, ಒಂದು ಪೆಟ್ಟಿಗೆ ಅಂಗಡಿ, ಒಂದು ಹೊಂಗೆ ಮರ. ರಸ್ತೆ 7 ಮೀಟರ್ ಅಗಲ, ಎರಡೂ ಕಡೆ ಕಬ್ಬಿನ ಗದ್ದೆ. ಕಬ್ಬು ಎದೆಯುದ್ದ ಬೆಳೆದರೆ ತಿರುವಿನ ಆಚೆ ಏನಿದೆ ಅಂತ ಕಾಣುವುದಿಲ್ಲ.

ಹಳೇ ರಸ್ತೆ ತುಂಬಾ ಗುಂಡಿಗಳಿದ್ದವು. ಆಗ ಯಾರೂ ಜೋರಾಗಿ ಹೋಗುತ್ತಿರಲಿಲ್ಲ, ಹೋಗಲು ಆಗುತ್ತಲೇ ಇರಲಿಲ್ಲ. ಹೊಸ ಡಾಂಬರು ಬಿತ್ತು, ವೇಗ ಏರಿತು. ಊರಿನವರು ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಅವರೆಲ್ಲ ಸರ್ವಿಸ್ ರಸ್ತೆ, ಒಳರಸ್ತೆ ಹಿಡಿದರು, ನಮ್ಮ ರಸ್ತೆಗೂ ಬಂದರು ಎನ್ನುವುದು ಅವರ ಮಾತು.

ಒಂದು ಸಂಜೆ ಶಾಲೆ ಬಿಟ್ಟಾಗ ರಸ್ತೆ ದಾಟುತ್ತಿದ್ದ ಒಬ್ಬ ಹುಡುಗಿಗೆ ಬೈಕು ಗುದ್ದಿತು. ಕಾಲು ಮುರಿಯಿತು. ಮಾರನೇ ದಿನ ರಸ್ತೆ ತಡೆ ಆಯಿತು. ಬೇಡಿಕೆ ಒಂದೇ, ಹಂಪ್ ಹಾಕಿ. ಅಧಿಕಾರಿಗಳು ನೋಡೋಣ ಅಂದರು. ಆದರೆ ಊರಿನ ಹುಡುಗರು ಕಾಯಲಿಲ್ಲ. ಅವತ್ತೇ ರಾತ್ರಿ ಜಲ್ಲಿ, ಮಣ್ಣು ಸುರಿದು ತಾವೇ ಒಂದು ಹಂಪ್ ಕಟ್ಟಿದರು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಬೆಳಗಿನ ಜಾವ ಬಂದ ಬೈಕೊಂದು ಅದರ ಮೇಲೆ ಹಾರಿತು. ಸವಾರನ ಹಣೆಗೆ ಹೊಲಿಗೆ ಬಿತ್ತು. ಎರಡು ದಿನದಲ್ಲಿ ಹಂಪ್ ಕಿತ್ತು ಹಾಕಿದರು.

ಸಭೆ ಕರೆದಾಗ ಹಂಪ್‌ಗೆ ಜೋರಾಗಿ ವಿರೋಧ ಮಾಡಿದವರು ಟ್ರ್ಯಾಕ್ಟರ್ ಇಟ್ಟುಕೊಂಡವರು. ಕಬ್ಬು ಹೊತ್ತ ಎರಡು ಟ್ರೈಲರ್ ಒಂದರ ಹಿಂದೆ ಒಂದು. ಹಂಪ್ ಮೇಲೆ ಎಗರಿದರೆ ಹೊರೆ ಜಾರುತ್ತದೆ, ಕೊಂಡಿಯ ಪಿನ್ನಿಗೂ ಪೆಟ್ಟು. "ಪಿನ್ ಮುರಿದ್ರೆ ಹಿಂದಿನ್ ಟ್ರೈಲರ್ ಯಾರ್ ಮೇಲೋಯ್ತದೋ ಗೊತ್ತಿಲ್ಲ, ಬರೋದೇ ಇಳಿಜಾರ್ನಲ್ಲಿ" ಅಂದರು ಅವರಲ್ಲಿ ಹಿರಿಯರೊಬ್ಬರು. ಮಾತಿನಲ್ಲಿ ಹುರುಳಿತ್ತು.

ಆಗ ಯಾರೋ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಅಚ್ಚುಕಟ್ಟಾದ ಕೆಂಪು ರಸ್ತೆ. "ಫಾರಿನ್ನಲ್ಲಿ ಹಿಂಗ್ ಮಾಡ್ತಾರೆ ಸಾರ್, ಕೆಂಪು ಕಂಡ್ರೆ ಗಾಡಿ ನಿಧಾನ ಆಯ್ತದೆ." ಹಂಪ್ ಬೇಕು ಅಂದವರೂ ಬೇಡ ಅಂದವರೂ ಒಟ್ಟಿಗೆ ತಲೆಯಾಡಿಸಿದರು.

ಆ ಫೋಟೊ ನೆದರ್‌ಲ್ಯಾಂಡ್ಸಿನ ಸೈಕಲ್ ದಾರಿಯದು. ಅಲ್ಲಿ ಕೆಂಪು ಇರುವುದು ಈ ಜಾಗ ಸೈಕಲ್ಲಿನವರದು ಅಂತ ಹೇಳಲಿಕ್ಕೆ. ವಾಹನ ನಿಧಾನ ಮಾಡಿಸಲಿಕ್ಕೆ ಅಲ್ಲ. ನನಗೆ ಇದು ಗೊತ್ತಿತ್ತು, ಆದರೂ ಹೇಳಲಿಲ್ಲ. ಮೂರು ಗಂಟೆ ಜಗಳ ಆಡಿದ ಸಭೆ ಮೊದಲ ಸಲ ಒಂದು ಮಾತಿಗೆ ಒಪ್ಪಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಮೊದಲ ಪ್ರಯತ್ನ

ಶಾಲೆಯ ಗೇಟನ್ನು ನಡುವೆ ಇಟ್ಟುಕೊಂಡು 120 ಮೀಟರ್ ಉದ್ದ, ರಸ್ತೆಯ ಪೂರ್ತಿ ಅಗಲಕ್ಕೆ ಕೆಂಪು ಬಳಿದೆವು. ಮಾಮೂಲಿ ರೋಡ್ ಪೇಂಟು. ಪೂರ್ತಿ ಅಗಲ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ತಾಂತ್ರಿಕ ಉತ್ತರ ಇಲ್ಲ. ದುಡ್ಡು ಬಂದಿತ್ತು, ಕೆಲಸ ಕಾಣಬೇಕಿತ್ತು. ನಡುವೆ ಬಿಳಿ ಜೀಬ್ರಾ ಪಟ್ಟಿ ಮಾತ್ರ ಥರ್ಮೋಪ್ಲಾಸ್ಟಿಕ್‌ದು. ಅಂದರೆ ಕಾಯಿಸಿ ಕರಗಿಸಿ ದಪ್ಪವಾಗಿ ಹಾಕಿ, ಮೇಲೆ ಸಣ್ಣ ಗಾಜಿನ ಮಣಿ ಉದುರಿಸುವ ಬಗೆ.

ಬಣ್ಣಕ್ಕೆ ಮೊದಲು, ಬಣ್ಣದ ನಂತರ ವೇಗ ಅಳೆಯಲು ರಾಡಾರ್ ಗನ್ ಇರಲಿಲ್ಲ. ರಸ್ತೆ ಬದಿಯಲ್ಲಿ 30 ಮೀಟರ್ ದೂರಕ್ಕೆ ಎರಡು ಗೆರೆ ಎಳೆದು, ಹೊಂಗೆ ಮರದ ಕೆಳಗೆ ಸ್ಟಾಪ್‌ವಾಚ್ ಹಿಡಿದು ಕೂತೆವು. ಲೆಕ್ಕ ಸುಲಭ. ಎರಡು ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 54 ಕಿಲೋಮೀಟರ್. ಮೂರು ಸೆಕೆಂಡ್ ಹಿಡಿದರೆ 36. ಬಣ್ಣಕ್ಕೆ ಮೊದಲು ಹೆಚ್ಚಿನ ಬೈಕುಗಳು ಎರಡು ಸೆಕೆಂಡಿನ ಆಸುಪಾಸು. ಬಣ್ಣ ಹಾಕಿದ ಮೊದಲ ವಾರ ಬಹಳಷ್ಟು ಮೂರಕ್ಕೆ ಬಂದವು. ನಮಗೆಲ್ಲ ಖುಷಿಯೋ ಖುಷಿ. ಜನ ನಿಂತು ಸೆಲ್ಫಿ ತೆಗೆದುಕೊಂಡರು.

ಒಂದು ತಿಂಗಳಾದ ಮೇಲೆ ಮತ್ತೆ ಹೋಗಿ ಅದೇ ಮರದ ಕೆಳಗೆ ಕೂತೆವು. ಮತ್ತೆ ಎರಡು ಸೆಕೆಂಡು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಆ ರಸ್ತೆಯಲ್ಲಿ ಹೋಗುವವರು ದಿನಾ ಹೋಗುವವರೇ. ಮೊದಲ ದಿನ ಅವರು ನಿಧಾನ ಮಾಡಿದ್ದು ಅದೇನು ಅಂತ ನೋಡಲಿಕ್ಕೆ. ಅದು ಬರೀ ಬಣ್ಣ, ಗಾಡಿಗೆ ಏನೂ ಆಗುವುದಿಲ್ಲ ಅಂತ ತಿಳಿದ ಮೇಲೆ ಯಾಕೆ ನಿಲ್ಲಿಸುತ್ತಾರೆ?

ಇದು ಬರೀ ನಿರಾಸೆ. ಇದರ ಹಿಂದೆ ಬಂದ ಮೂರು ಸಂಗತಿಗಳು ನಮ್ಮನ್ನು ನಿಜವಾಗಿ ಹೆದರಿಸಿದವು.

ಮೊದಲನೆಯದು ಹಾಲು. ಅಕ್ಟೋಬರ್ ಮಳೆಯ ಒಂದು ಬೆಳಗ್ಗೆ, ಡೇರಿಗೆ ಹಾಲು ಒಯ್ಯುತ್ತಿದ್ದ ಒಬ್ಬರು ತಿರುವಿನಲ್ಲಿ ಬ್ರೇಕ್ ಹಿಡಿದರು. ಬೈಕು ಜಾರಿತು. ಮೊಣಕೈ ತರಚಿತು, ದೇವರ ದಯೆಯಿಂದ ಅಷ್ಟೇ. ಎರಡು ಕ್ಯಾನ್ ಉರುಳಿ ಮುಚ್ಚಳ ಹಾರಿ ಹಾಲೆಲ್ಲ ರಸ್ತೆಗೆ. ನಾನು ಹೋಗುವ ಹೊತ್ತಿಗೆ ಮಳೆ ನಿಂತಿತ್ತು. ಹಾಲು ಕೆಂಪಿನ ಮೇಲೆ ಒಂದು ಕಡೆಯೂ ತಡೆಯದೆ ಗಾಜಿನ ಮೇಲೆ ಹರಿದ ಹಾಗೆ ಚರಂಡಿವರೆಗೆ ಹರಿದು ಹೋಗಿತ್ತು. ಬಣ್ಣ ಇಲ್ಲದ ಡಾಂಬರಿನ ಮೇಲೆ ಬಿದ್ದ ಹಾಲು ಮಾತ್ರ ಜಲ್ಲಿಯ ಸಂದುಗಳಲ್ಲಿ ಬೆಳ್ಳಗೆ ಕೂತಿತ್ತು. ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿ ಹೇಳಲು ಆಗುತ್ತಿರಲಿಲ್ಲ. ಟೈರಿಗೆ ಹಿಡಿತ ಕೊಡುವುದು ಆ ಸಂದುಗಳು, ಆ ತರಿತರಿ. ನಾವು ಅದನ್ನೇ ಪೇಂಟಿನಿಂದ ಮುಚ್ಚಿದ್ದೆವು.

"ಬಣ್ಣ ಚೆಂದಾಗದೆ ಸ್ವಾಮಿ, ಬ್ರೇಕ್ ಹಾಕಿದ್ರೆ ನಿಲ್ಲಕಿಲ್ಲ" ಅಂದರು ಅವರು. ಕೋಪದಿಂದಲ್ಲ, ಸುಮ್ನೆ ಇದ್ದದ್ದು ಇದ್ದ ಹಾಗೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಒಂದು ಕಾಲೇಜಿನ ಲ್ಯಾಬಿನಿಂದ ಪೆಂಡುಲಮ್ ಪರೀಕ್ಷೆಯ ಯಂತ್ರ ತರಿಸಿದೆವು. ತೋಳಿನ ತುದಿಯಲ್ಲಿ ಒಂದು ರಬ್ಬರ್ ತುಂಡು ಇರುತ್ತದೆ. ರಸ್ತೆಗೆ ನೀರು ಹಾಕಿ ತೋಳನ್ನು ಬಿಟ್ಟರೆ ರಬ್ಬರ್ ನೆಲ ಸವರಿಕೊಂಡು ಮೇಲೇರುತ್ತದೆ. ನೆಲ ಜಾರಿದಷ್ಟೂ ತೋಳು ಜಾಸ್ತಿ ಮೇಲೇರುತ್ತದೆ, ಅಂಕ ಕಡಿಮೆ ಬರುತ್ತದೆ. ರಸ್ತೆ ಗುರುತುಗಳಿಗೆ ಸಾಮಾನ್ಯವಾಗಿ 45 ಆದರೂ ಇರಬೇಕು ಅನ್ನುತ್ತಾರೆ. ನಮ್ಮ ಕೆಂಪು ಅದಕ್ಕಿಂತ ಕೆಳಗೆ ಬಂತು. ಪಕ್ಕದ ಬೋಳು ಡಾಂಬರು ಆರಾಮಾಗಿ ಪಾಸಾಯಿತು.

ಎರಡನೆಯದು ರಾತ್ರಿ. ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರೂ ಕತ್ತಲಾದ ಮೇಲೆ ಹೋಗಿ ನೋಡಿರಲಿಲ್ಲ. ಒಂಬತ್ತು ಗಂಟೆಗೆ ಬೈಕಿನಲ್ಲಿ ಏರಿ ಇಳಿದು ಬಂದೆ. ಕೆಂಪೇ ಇಲ್ಲ! ಹೆಡ್‌ಲೈಟಿಗೆ ಕೆಂಪೂ ಕಪ್ಪೂ ಒಂದೇ. ಕಂಬದಲ್ಲಿದ್ದ ಹಳೇ ಸೋಡಿಯಂ ದೀಪದ ಕೆಳಗೆ ಅದು ಕೊಳಕು ಕಂದು. ಕಂಡದ್ದು ಗಾಜಿನ ಮಣಿ ಇದ್ದ ಬಿಳಿ ಪಟ್ಟಿ ಮಾತ್ರ. ಹಗಲಿನಲ್ಲೂ ಕಥೆ ಅಷ್ಟು ಚೆನ್ನಾಗಿರಲಿಲ್ಲ ಅನ್ನಿ. ನಮ್ಮ ಕಡೆಯ ಮಣ್ಣೇ ಕೆಂಪು. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಟೈರಿನ ಮಣ್ಣು ರಸ್ತೆಗೆ ಬಿದ್ದು ಒಣಗಿದರೆ ಯಾವುದು ನಾವು ಬಳಿದ ಕೆಂಪು, ಯಾವುದು ಮಣ್ಣಿನ ಕೆಂಪು ಅಂತ ಗೊತ್ತಾಗುತ್ತಿರಲಿಲ್ಲ. ಹುಲ್ಲುಗಾವಲಿನ ದೇಶದಲ್ಲಿ ಎದ್ದು ಕಾಣುವ ಕೆಂಪು ಕೆಮ್ಮಣ್ಣಿನ ಸೀಮೆಯಲ್ಲಿ ಮುಳುಗಿ ಹೋಗುತ್ತದೆ. ಇಷ್ಟನ್ನು ಮೊದಲೇ ಯೋಚಿಸಲು ದೊಡ್ಡ ಓದೇನೂ ಬೇಕಿರಲಿಲ್ಲ.

ಮೂರನೆಯದನ್ನು ತೋರಿಸಿದವರು ಶಾಲೆಯ ಹೆಡ್ ಮೇಡಂ. ಫೋನ್ ಮಾಡಿ "ಸಾರ್, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಬನ್ನಿ" ಅಂದರು. ಹೋದೆ. ನಾಲ್ಕು ಹುಡುಗಿಯರು ಕೆಂಪು ರಸ್ತೆಯ ಅಂಚಿನಲ್ಲಿ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದರು. ಒಬ್ಬಳು ಒಂಟಿ ಕಾಲಿನಲ್ಲಿ ಬಿಲ್ಲೆ ತಳ್ಳುತ್ತಾ ರಸ್ತೆ ನಡುವಿನ ಕಡೆಗೇ ಬಂದಳು. ಮೇಡಂ ಓಡಿ ಹೋಗಿ ಒಳಗೆ ಕರೆದುಕೊಂಡು ಬಂದು ಹೇಳಿದರು: "ನಮ್ಮ ಮಕ್ಕಳಿಗೆ ಇದು ರಸ್ತೆ ಅಂತ ಅನ್ನಿಸ್ತಾನೇ ಇಲ್ಲ. ಶಾಲೆ ಅಂಗಳ ಮುಂದಕ್ಕೆ ಬಂದಿದೆ ಅಂದ್ಕೊಂಡಿದ್ದಾರೆ. ಮೊದಲು ದಾಟುವಾಗ ಎರಡೂ ಕಡೆ ನೋಡ್ತಿದ್ರು. ಈಗ ಕೆಂಪಿನ ಮೇಲೆ ಕಾಲಿಟ್ರೆ ಸಾಕು, ನೋಡೋದೇ ಇಲ್ಲ."

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಬಣ್ಣ ಮಕ್ಕಳಿಗೆ "ಇದು ನಿಮ್ಮ ಜಾಗ, ಬನ್ನಿ" ಅಂತ ಹೇಳುತ್ತಿತ್ತು. ಸವಾರನಿಗೆ ಏನೂ ಹೇಳುತ್ತಿರಲಿಲ್ಲ. ಬಣ್ಣ ಇಲ್ಲದ ರಸ್ತೆಗಿಂತ ಇದು ಕೆಟ್ಟದ್ದು.

ಮತ್ತೆ ನಕ್ಷೆ ಬಿಡಿಸಿದ್ದು

ಆಗ ನನಗೆ ಕೋಪನ್‌ಹೇಗನ್ನಿನ ಒಂದು ಅಧ್ಯಯನ ನೆನಪಾಯಿತು. ಅಲ್ಲಿ ಸರ್ಕಲ್‌ಗಳಲ್ಲಿ ಸೈಕಲ್ ದಾಟುವ ಜಾಗಕ್ಕೆ ನೀಲಿ ಬಣ್ಣ ಹಾಕುತ್ತಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದು ಸರ್ಕಲ್‌ನಲ್ಲಿ ಒಂದೇ ಒಂದು ನೀಲಿ ಪಟ್ಟಿ ಇದ್ದ ಕಡೆ ಅಪಘಾತ ಶೇಕಡ 10ರಷ್ಟು ಇಳಿದಿತ್ತು. ಎರಡು ಪಟ್ಟಿ ಇದ್ದ ಕಡೆ ಶೇಕಡ 23, ನಾಲ್ಕು ಇದ್ದ ಕಡೆ ಶೇಕಡ 60ರಷ್ಟು ಏರಿತ್ತು. ಅದೇ ಬಣ್ಣ, ಅದೇ ಊರು. ಜಾಸ್ತಿ ಬಳಿದಷ್ಟೂ ಕೆಟ್ಟಿತು. ನಾವು 120 ಮೀಟರ್ ಬಳಿದಿದ್ದೆವು!

ಎರಡನೇ ಸುತ್ತಿನ ಸಭೆಯಲ್ಲಿ ಒಂದೇ ಪ್ರಶ್ನೆ ಇಟ್ಟೆ. ಈ ಬಣ್ಣ ಯಾರಿಗೆ? ಸವಾರನಿಗೆ ಅಂತಾದರೆ ಅದು ಮಕ್ಕಳು ದಾಟುವ ಜಾಗದಲ್ಲಿ ಇರಬೇಕಿಲ್ಲ. ಅವನು ಬ್ರೇಕ್ ಹಿಡಿಯಬೇಕಾದ ಜಾಗದಲ್ಲಿ, ಅದಕ್ಕೂ ಮೊದಲು ಇರಬೇಕು. ಮತ್ತು ಅಲ್ಲಿ ಬಣ್ಣಕ್ಕಿಂತ ಹಿಡಿತ ಮುಖ್ಯ.

ಹಿಡಿತಕ್ಕೆಂದೇ ಒಂದು ವಿಧಾನ ಇದೆ. ಡಾಂಬರಿನ ಮೇಲೆ ಎಪಾಕ್ಸಿ ಅಂಟು ಹರಡಿ, ಅದರ ಮೇಲೆ ಸುಟ್ಟ ಬಾಕ್ಸೈಟ್ ಅದಿರಿನ 1ರಿಂದ 3 ಮಿಲಿಮೀಟರ್ ಹರಳುಗಳನ್ನು ಉದುರಿಸುವುದು. ಸಾಮಾನ್ಯ ಜಲ್ಲಿ ಟೈರಿಗೆ ಉಜ್ಜಿ ಉಜ್ಜಿ ನುಣುಪಾಗುತ್ತದೆ, ಬಾಕ್ಸೈಟ್ ಅಷ್ಟು ಬೇಗ ಆಗುವುದಿಲ್ಲ. ಸವಾರರು ಜೋರಾಗಿ ಬ್ರೇಕ್ ಹಿಡಿಯುವ ತಿರುವುಗಳಿಗೆ ಇದನ್ನು ಬಹಳ ದೇಶಗಳಲ್ಲಿ ಹಾಕುತ್ತಾರೆ. ನೋಡಿದವರು ಬಣ್ಣ ಹೊಡೆದಿದ್ದಾರೆ ಅಂದುಕೊಳ್ಳುತ್ತಾರೆ. ಕೆಲಸ ಮಾಡುವುದು ಕಲ್ಲು. ತೊಂದರೆ ಒಂದೇ, ದುಬಾರಿ. ಪೇಂಟಿನ ಜೊತೆ ಹೋಲಿಸುವ ಹಾಗೇ ಇಲ್ಲ.

ಯಾವ ಬಣ್ಣ ಅನ್ನುವುದಕ್ಕೆ ಮತ್ತೆ ಜಗಳ. ಊರಿನವರಿಗೆ ಕೆಂಪೇ ಬೇಕು. ಅಂಟಿಗೆ ಕೆಂಪು ಪುಡಿ ಬೆರೆಸಬಹುದು, ಆದರೆ ಹರಳಿನ ನೆತ್ತಿಯ ಮೇಲಿನ ಅಂಟು ಸವೆದರೆ ಒಳಗಿನ ಕಲ್ಲಿನ ಬಣ್ಣವೇ ಕಾಣುತ್ತದೆ. ಹಾಗಾದರೆ ಕಲ್ಲಿನ ಬಣ್ಣವನ್ನೇ ಇಟ್ಟುಕೊಳ್ಳೋಣ ಅಂದೆವು. ಅದು ಮಾಸಲು ಹಳದಿ, ಒಣಹುಲ್ಲಿನ ಬಣ್ಣ. ಕಪ್ಪು ಡಾಂಬರಿನ ಪಕ್ಕದಲ್ಲಿ ಹಗಲೂ ಕಾಣುತ್ತದೆ, ತಿಳಿ ಬಣ್ಣವಾದ್ದರಿಂದ ಹೆಡ್‌ಲೈಟಿಗೂ ಒಂದಿಷ್ಟು ಕಾಣುತ್ತದೆ. "ಹುಲ್ಲಿನ್ ಬಣ್ಣಕ್ಕೆ ಇಷ್ಟ್ ದುಡ್ಡಾ?" ಅಂತ ಒಬ್ಬರು ಕೇಳಿದರು. ಉತ್ತರವಾಗಿ ಹಾಲಿನವರನ್ನೇ ಮಾತಾಡಿಸಿದೆ. ಅವರು ಮೊಣಕೈ ತೋರಿಸಿದರು, ಸಭೆ ಸುಮ್ಮನಾಯಿತು.

ಎಷ್ಟು ಉದ್ದ? ಸವಾರ ಕಂಡು, ಬ್ರೇಕ್ ಹಿಡಿದು, ನಿಲ್ಲಿಸಲು ಬೇಕಾಗುವ ದೂರವನ್ನು ಐಆರ್‌ಸಿ, ಅಂದರೆ ರಸ್ತೆಗಳ ಅಳತೆ-ಮಾನದಂಡ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಲೆಕ್ಕ ಹಾಕಿ ಕೊಟ್ಟಿದೆ. ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ 45 ಮೀಟರ್, 60ಕ್ಕೆ 80 ಮೀಟರ್. ಎರಡೂ ಕಡೆ 80 ಮೀಟರ್ ಹಾಕಲು ದುಡ್ಡು ಸಾಲದು. ಕೊನೆಗೆ ನಾಲೆ ಕಡೆಯಿಂದ ಇಳಿಜಾರಿನಲ್ಲಿ ಬರುವ ಬದಿಗೆ 80, ಊರಿನ ಕಡೆಯಿಂದ ಬರುವ ಬದಿಗೆ 45 ಅಂತ ತೀರ್ಮಾನ ಮಾಡಿದೆವು. ಸಮ ಮಾಡಲು ಹೋಗಿ ಎರಡೂ ಕಡೆ ಅರ್ಧಂಬರ್ಧ ಮಾಡುವುದಕ್ಕಿಂತ ಇದು ಸರಿ ಅಂತ ಈಗಲೂ ನನ್ನ ಅಭಿಪ್ರಾಯ.

ಇನ್ನು ಹಂಪ್. ವೇಗ ಇಳಿಸಲು ಬಣ್ಣ ಸಾಲದು ಅಂತ ಸ್ಟಾಪ್‌ವಾಚೇ ಹೇಳಿತ್ತು. ದಾಟುವ ಜಾಗವನ್ನೇ ಮೇಜಿನ ಹಾಗೆ 10 ಸೆಂಟಿಮೀಟರ್ ಎತ್ತರಿಸಿ, ಮೇಲೆ ಚಪ್ಪಟೆಯಾಗಿ ಜೀಬ್ರಾ ಬರೆಯೋಣ ಅಂದೆವು. ಟ್ರ್ಯಾಕ್ಟರ್‌ನವರು ಮತ್ತೆ ಎದ್ದರು. ವಾದ ಬೇಡ ಅಂತ ಒಂದು ಖಾಲಿ ಜಾಗದಲ್ಲಿ ಗ್ರಾವೆಲ್ ಹಾಕಿ, ರೋಲರ್ ಹೊಡೆಸಿ, ಅದೇ ಅಳತೆಯ ಮಾದರಿ ಮಾಡಿದೆವು. ಜಾಸ್ತಿ ವಿರೋಧ ಮಾಡಿದ ಹಿರಿಯರಿಗೇ "ನೀವೇ ಓಡಿಸಿ ಯಜಮಾನ್ರೇ" ಅಂದೆ. ಎರಡೂ ಟ್ರೈಲರಿಗೆ ಕಬ್ಬು ತುಂಬಿಸಿಕೊಂಡೇ ಬಂದರು. ಮೊದಲ ಮಾದರಿಯಲ್ಲಿ ಏರು 1 ಮೀಟರ್ ಉದ್ದ ಇತ್ತು. ಕೊಂಡಿ ಟಣ್ ಅಂತ ಸದ್ದು ಮಾಡಿತು, ನಾಲ್ಕು ಜಲ್ಲೆ ಕೆಳಗೆ ಬಿದ್ದವು. ಅವರು ಇಳಿದು ಬಂದು ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಏರನ್ನು 2 ಮೀಟರಿಗೆ ಉದ್ದ ಮಾಡಿದೆವು. ಅಷ್ಟೇ ಎತ್ತರ, ಆದರೆ ಇಳಿಜಾರು ಅರ್ಧ. ಈ ಸಲ ನಿಧಾನಕ್ಕೆ ಹತ್ತಿ ಇಳಿಯಿತು. "ಇದಾದ್ರೆ ಆಯ್ತದೆ. ಆದ್ರೆ ಎರಡ್ನೇ ಗೇರ್ಗೇ ಬರ್ಬೇಕು" ಅಂದರು. ನಮಗೆ ಬೇಕಾಗಿದ್ದೂ ಅದೇ ತಾನೇ?

ದಾಟುವ ಜಾಗದಲ್ಲಿ ಕಪ್ಪು ಡಾಂಬರಿನ ಮೇಲೆ ಬಿಳಿ ಪಟ್ಟಿ, ಬೇರೆ ಬಣ್ಣ ಇಲ್ಲ. ಗೇಟಿನ ಮುಂದೆ ಒಂದು ಕಂಬಿ, ಮಕ್ಕಳು ನೇರ ರಸ್ತೆಗೆ ನುಗ್ಗದ ಹಾಗೆ.

ಕೆಲಸದ ದಿನಗಳು

ಹಳೇ ಕೆಂಪನ್ನು ಯಂತ್ರದಿಂದ ಕೆರೆಸಲು ಹಿಡಿದ ದಿನಗಳು ಬಳಿಯಲು ಹಿಡಿದ ದಿನಗಳಿಗಿಂತ ಜಾಸ್ತಿ. ಅಂಟು ಹಾಕುವ ದಿನ ರಸ್ತೆ ಮುಚ್ಚಿ ಡೈವರ್ಷನ್ ಬೋರ್ಡ್ ಇಟ್ಟಿದ್ದೆವು. ಎಲ್ಲಿಂದಲೋ ಒಂದು ಕುರಿ ಮಂದೆ ಬಂತು. ಕುರಿಗೆ ಬೋರ್ಡ್ ಓದಲು ಬರುವುದಿಲ್ಲ ಅಲ್ವಾ? ಮೇಸ್ತ್ರಿ, ನಾನು, ಪೆಟ್ಟಿಗೆ ಅಂಗಡಿಯವರು ಸೇರಿ ಕೈ ಅಡ್ಡ ಹಿಡಿದು ಗದ್ದೆ ಬದುವಿನ ಮೇಲೆ ದಾಟಿಸಿದೆವು.

ಹರಳನ್ನು ಅಂಟು ಹಸಿ ಇರುವಾಗಲೇ ಬೇಕಾದದ್ದಕ್ಕಿಂತ ಜಾಸ್ತಿ ಸುರಿಯಬೇಕು. ಅಂಟು ಒಣಗಿದ ಮೇಲೆ ಹಿಡಿಯದೆ ಉಳಿದ ಹರಳನ್ನು ಪೂರ್ತಿ ಗುಡಿಸಬೇಕು. ಗುಡಿಸದೆ ಬಿಟ್ಟರೆ ಬೈಕಿನ ಕೆಳಗೆ ಅದೇ ಗೋಲಿಯ ಹಾಗೆ ಉರುಳುತ್ತದೆ. ಇಲ್ಲಿ ನಾನೇ ನಿಂತು ಮೂರು ಸಲ ಗುಡಿಸಿಸಿದೆ. ಆದರೆ ಇನ್ನೊಂದು ಕಡೆ ತಪ್ಪಿದೆ. ಒಂದು ಬೆಳಗ್ಗೆ ಇಬ್ಬನಿ ಬಿದ್ದಿತ್ತು. ರಸ್ತೆ ಒಣಗಿದೆ ಅಂತ ಕಣ್ಣಂದಾಜಿನಲ್ಲಿ ಹೇಳಿ ಕೆಲಸ ಶುರು ಮಾಡಿಸಿದೆ. ಅವತ್ತು ಹಾಕಿದ ಭಾಗದ ಅಂಚು ಕೆಲವೇ ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಒದ್ದೆಯ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಒಂದು ಗಂಟೆ ಕಾದಿದ್ದರೆ ಸಾಕಿತ್ತು.

ಏನಾಯಿತು

ಒಂದು ತಿಂಗಳಿಗೆ, ಮತ್ತೆ ಆರು ತಿಂಗಳಿಗೆ ಅದೇ ಹೊಂಗೆ ಮರ, ಅದೇ ಸ್ಟಾಪ್‌ವಾಚ್. ಎರಡು ಸಲವೂ ಹೆಚ್ಚಿನ ಬೈಕುಗಳು ಮೂರು ಸೆಕೆಂಡಿನ ಹತ್ತಿರ ಇದ್ದವು. ಈ ಸಲ ಅದು ಮತ್ತೆ ಎರಡಕ್ಕೆ ಇಳಿಯಲಿಲ್ಲ. ಪೆಂಡುಲಮ್ ಅಂಕ ಪಕ್ಕದ ಡಾಂಬರಿಗಿಂತ ಮೇಲಿತ್ತು. ಮಳೆಯಲ್ಲಿ ಜಾರಿ ಬಿದ್ದ ಸುದ್ದಿ ಬಂದಿಲ್ಲ.

ಅಪಘಾತ ಇಷ್ಟು ಕಡಿಮೆಯಾಯಿತು ಅಂತ ನಾನು ಬರೆಯುವುದಿಲ್ಲ. ಒಂದು ತಿರುವಿನಲ್ಲಿ ಒಂದು ವರ್ಷಕ್ಕೆ ಆಗುವ ಅಪಘಾತ ಬೆರಳೆಣಿಕೆಯವು. ಕೆಟ್ಟ ವರ್ಷದ ನಂತರ ಏನೂ ಮಾಡದಿದ್ದರೂ ಮುಂದಿನ ವರ್ಷ ಕಡಿಮೆ ಆಗಬಹುದು. ಇನ್ನೊಂದು ಮಾತು. ಎತ್ತರಿಸಿದ ಮೇಜು, ಹರಳು, ಕಂಬಿ ಮೂರನ್ನೂ ಒಟ್ಟಿಗೆ ಹಾಕಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ವೇಗ ಇಳಿಸಿದ್ದು ಮೇಜೇ ಅಂತ ನನ್ನ ಅಂದಾಜು. ಹರಳು ಕೆಲಸಕ್ಕೆ ಬರುವುದು ವೇಗ ಇಳಿಸದವನು ಕೊನೇ ಗಳಿಗೆಯಲ್ಲಿ ಬ್ರೇಕ್ ಹಿಡಿದಾಗ. ಬಣ್ಣ ಮುಂದೆ ಏನೋ ಇದೆ ಅಂತ ಅವನಿಗೆ ಒಂದೆರಡು ಸೆಕೆಂಡ್ ಮೊದಲು ತಿಳಿಸುತ್ತದೆ, ಅಷ್ಟೇ. ನನ್ನನ್ನು ಕೇಳಿದರೆ, ದುಡ್ಡು ಕಡಿಮೆ ಇದ್ದವರು ಮೇಜಿನಿಂದ ಶುರು ಮಾಡಲಿ, ಹರಳು ಆಮೇಲೆ. ಬರೀ ಪೇಂಟು ಮಾತ್ರ ಬೇಡವೇ ಬೇಡ. ಮತ್ತೆ, ಹಾಕುವ ಮೊದಲು ಒಂದು ರಾತ್ರಿ, ಒಂದು ಮಳೆ, ಒಂದು ಶಾಲೆ ಬಿಡುವ ಹೊತ್ತು, ಇಷ್ಟನ್ನು ಹೋಗಿ ನೋಡಿ.

ನಾವು ಲೆಕ್ಕ ಹಾಕದೇ ಇದ್ದದ್ದು ಒಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಹೋದರೆ ಆ 80 ಮೀಟರ್ ಪೂರ್ತಿ ಹುರುಳಿ ಹರಡಿದ್ದರು. ಗಾಡಿ ಟೈರಿಗೆ ಸಿಕ್ಕಿ ಕಾಯಿ ಒಡೆಯಲಿ ಅಂತ ರಸ್ತೆಯಲ್ಲಿ ಒಕ್ಕಣೆ ಮಾಡುವುದು ನಮ್ಮ ಕಡೆ ಇದ್ದದ್ದೇ. ಹೊಸ ಹರಳು ತರಿಯಾಗಿದ್ದರಿಂದ ಚೆನ್ನಾಗಿ ಒಡೆಯುತ್ತದೆಯಂತೆ. ಹುರುಳಿ ಬಳ್ಳಿಯ ಮೇಲೆ ಬ್ರೇಕ್ ಹಿಡಿದರೆ ಬಾಕ್ಸೈಟೂ ಇಲ್ಲ, ಎಪಾಕ್ಸಿಯೂ ಇಲ್ಲ, ಸೀದಾ ಗದ್ದೆಗೆ. ಎರಡು ಸಭೆ ಮಾಡಿ, ಮಾದರಿ ಹಂಪ್ ಮಾಡಿದ್ದ ಆ ಗ್ರಾವೆಲ್ ಜಾಗವನ್ನೇ ಊರಿನ ಕಣ ಅಂತ ಬಿಟ್ಟುಕೊಟ್ಟರು. ಬಿಡಿಸಿಕೊಟ್ಟವರು ಅದೇ ಟ್ರ್ಯಾಕ್ಟರಿನ ಹಿರಿಯರು. ಕಬ್ಬಿನ ಹಂಗಾಮಿನಲ್ಲಿ ಕೂರುವ ಕೆಸರನ್ನು ಯಾರು ತೊಳೆಯಬೇಕು ಅನ್ನುವುದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.

ಕಂಟ್ರಾಕ್ಟರ್ ಹತ್ತಿರ ಮೊದಲ ಸಲದ ಕೆಂಪು ಪೇಂಟು ಅರ್ಧ ಡ್ರಮ್ ಉಳಿದಿತ್ತು. ಹೆಡ್ ಮೇಡಂ ಕೇಳಿ ತರಿಸಿಕೊಂಡರು. ಶಾಲೆಯ ಅಂಗಳದ ಸಿಮೆಂಟ್ ನೆಲದ ಮೇಲೆ ಈಗ ಎಂಟು ಮನೆಯ ಕುಂಟೆಬಿಲ್ಲೆ ಇದೆ, ಗೇಟಿನಿಂದ ದೂರ, ಒಳಗಿನ ಮೂಲೆಯಲ್ಲಿ. ಮಳೆ ಬಂದಾಗ ಅದರ ಮೇಲೆ ಆಡಿಸಬೇಡಿ ಅಂತ ಹೇಳಿ ಬಂದಿದ್ದೇನೆ.